ಪ್ರವಾಸಿಗರ ದೃಷ್ಟಿಯಲ್ಲಿ ಅಂಜುತೆಂಗು ಮತ್ತು ಕೊಚ್ಚಿ: ಕೋಟೆ, ಪರಿಸರ ಹಾಗೂ ಆಕರ ವಿವೇಚನೆ

೧

ಕರ್ನಾಟಕದ ಚರಿತ್ರೆಯನ್ನು ಕಟ್ಟುವ ಕಾರ್ಯದಲ್ಲಿ ವಿದೇಶಿ ಪ್ರವಾಸಿಗರ ಬರವಣಿಗೆಗಳಿಗೆ ದೊರೆತಿರುವ ಮನ್ನಣೆ ಸಣ್ಣದಲ್ಲ. ರಾಬರ್ಟ್ ಸೂವೆಲ್ ೧೯೦೦ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸವು ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜರ ವೃತ್ತಾಂತಗಳ ಆಧಾರದ ಮೇಲೆ ನಿಂತಿದೆ. ಇಕ್ಕೇರಿಯ ವೆಂಕಟಪ್ಪನಾಯಕನ ಕಾಲದ ಜನಜೀವನವನ್ನು ಕುರಿತು ಬರೆಯುವವರು ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯ ಪತ್ರಗಳನ್ನು ಬಿಟ್ಟು ಮುಂದೆ ಹೋಗಲಾರರು. ಎಚ್. ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಹೆಸರಿನಲ್ಲಿ ಇಂಥ ವೃತ್ತಾಂತಗಳನ್ನು ಹಲವು ಸಂಪುಟಗಳಲ್ಲಿ ಕನ್ನಡಕ್ಕೆ ತಂದುಕೊಟ್ಟ ಮೇಲೆ, ಇಂಗ್ಲಿಷ್ ಬಾರದ ಓದುಗರಿಗೂ ಈ ಆಕರಗಳು ಕೈಗೆಟುಕುವಂತಾದವು. ಆದರೆ ಆಕರ ದೊರೆತ ಮಾತ್ರಕ್ಕೆ ಅದನ್ನು ಓದುವ ಕ್ರಮವೂ ದೊರೆತಂತಾಗಲಿಲ್ಲ. ಪ್ರವಾಸಿಯು ಕಂಡದ್ದೇನು, ಕಾಣದೆ ಬರೆದದ್ದೇನು, ಕಂಡೂ ಬರೆಯದೆ ಬಿಟ್ಟದ್ದೇನು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಕರ್ನಾಟಕದ ಹೊರಗಿನ ಒಂದು ಪ್ರದೇಶಕ್ಕೆ ಅನ್ವಯಿಸಿ ನೋಡಲು ಯತ್ನಿಸಿದ್ದೇವೆ. ತಿರುವನಂತಪುರದ ಉತ್ತರಕ್ಕೆ ಕಡಲಂಚಿನಲ್ಲಿರುವ ಅಂಜುತೆಂಗಿನ ಇಂಗ್ಲಿಷ್ ಕೋಟೆ ಹಾಗೂ ಅದರ ಸುತ್ತಲಿನ ಹಳ್ಳಿನಾಡು ನಮ್ಮ ಮುಖ್ಯ ವಸ್ತು. ಹೋಲಿಕೆಗಾಗಿ ಕೊಚ್ಚಿಯ ಕೋಟೆಯನ್ನೂ ಮಟ್ಟಾಂಚೇರಿಯ ಅರಮನೆಯನ್ನೂ ತೆಗೆದುಕೊಂಡಿದ್ದೇವೆ. ಈ ಆಯ್ಕೆಗೆ ಎರಡು ಕಾರಣಗಳಿವೆ. ಒಂದೇ ಚಿಕ್ಕ ಕೋಟೆಯನ್ನು ಕುರಿತು ಒಂದು ಶತಮಾನದ ಒಳಗೆ ಮೂರು ಬಗೆಯ ಬರಹಗಳು ಹುಟ್ಟಿರುವುದು ಮೊದಲನೆಯದು. ಈ ಭೂಭಾಗಕ್ಕೆ ತುಳು-ಕನ್ನಡ ನಾಡಿನಿಂದ ತಲೆಮಾರುಗಳ ಕಾಲ ಜನರು ಹೋಗಿಬರುತ್ತಿದ್ದರೂ ಅವರ ಕಣ್ಣಿನ ಸಾಕ್ಷ್ಯ ಪ್ರವಾಸಸಾಹಿತ್ಯವೆಂಬ ಹೆಸರಿನ ಅಡಿಯಲ್ಲಿ ಎಲ್ಲಿಯೂ ಸೇರದಿರುವುದು ಎರಡನೆಯದು.

೨

ಮೊದಲಿಗೆ ‘ಕೋಟೆ’ ಎಂಬ ಪದವನ್ನು ಕುರಿತು ಒಂದು ಮಾತು. ಇಂಗ್ಲೆಂಡಿನಲ್ಲಿ ಕ್ಯಾಸಲ್ ಎಂದರೆ ಒಬ್ಬ ಪ್ರಭುವಿನ ವಂಶದ ನೆಲೆ. ಸುತ್ತಲಿನ ಹೊಲಗದ್ದೆ, ಕಾಡು, ಹಳ್ಳಿ ಇವೆಲ್ಲ ಆ ನೆಲೆಗೆ ಸೇರಿದ ಆಸ್ತಿ. ಅಲ್ಲಿನ ಪ್ರವಾಸಿ ಕೋಟೆಯನ್ನು ನೋಡಿ, ಅನಂತರ ಅದರ ಗೋಪುರದಿಂದ ಕಾಣುವ ಬಯಲನ್ನು ನೋಡಿ, ಎರಡನ್ನೂ ಒಂದೇ ಚಿತ್ರವಾಗಿ ವರ್ಣಿಸುತ್ತಾನೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಥ ನೋಟಕ್ಕೆ ಒಂದು ಶಾಸ್ತ್ರವೇ ಬೆಳೆಯಿತು. ವಿಲಿಯಂ ಗಿಲ್ಪಿನ್ನನು ವೈ ನದಿಯ ತೀರವನ್ನು ಕುರಿತು ೧೭೮೨ರಲ್ಲಿ ಪ್ರಕಟಿಸಿದ ಪುಸ್ತಕ ಭೂದೃಶ್ಯವನ್ನು ಚಿತ್ರಕಾರನಂತೆ ನೋಡಲು ಆ ಕಾಲದ ವಿದ್ಯಾವಂತರಿಗೆ ಕಲಿಸಿಕೊಟ್ಟಿತು.

ನಮ್ಮ ಕರಾವಳಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಕೋಟೆಗಳು ಈ ಜಾತಿಯವಲ್ಲ. ಮುಂಬಯಿಯಲ್ಲಿದ್ದ ತನ್ನ ಆಡಳಿತ ಕೇಂದ್ರವನ್ನು ಕಂಪನಿ ‘ಬಾಂಬೆ ಕ್ಯಾಸಲ್’ ಎಂದೇ ಕರೆಯಿತು. ಆದರೆ ಅದರ ಅಧೀನದಲ್ಲಿದ್ದ ಅಂಜುತೆಂಗಿನಂಥ ಕೋಟೆಯು ವಸ್ತುತಃ ಗೋಡೆ ಹಾಕಿದ ಒಂದು ಉಗ್ರಾಣ. ಒಳಗೆ ಕರಿಮೆಣಸು, ಬಟ್ಟೆ ಮತ್ತು ತೆಂಗಿನ ನಾರು. ಗೋಡೆಯ ಮೇಲೆ ತೋಪು. ಹೊರಗಿನ ಹಳ್ಳಿನಾಡು ಕೋಟೆಯ ಆಸ್ತಿಯಾಗಿರಲಿಲ್ಲ, ಆಟ್ಟಿಂಗಲ್ಲಿನ ರಾಣಿಯ ಅಧಿಕಾರಕ್ಕೆ ಸೇರಿತ್ತು. ಕೋಟೆಯವರು ಆ ನಾಡಿನ ಬೆಳೆಯನ್ನು ಕೊಂಡು ಬದುಕಬೇಕಾಗಿತ್ತು. ಈ ಸಂಬಂಧದ ಸ್ವರೂಪವನ್ನು ಮರೆತರೆ ಪ್ರವಾಸಿಗರ ವರ್ಣನೆಗಳು ನಮ್ಮನ್ನು ದಾರಿ ತಪ್ಪಿಸುತ್ತವೆ.

ಅಂಜುತೆಂಗು ಎಂಬ ಹೆಸರಿಗೆ ಐದು ತೆಂಗಿನ ಮರಗಳೆಂದು ಅರ್ಥ ಹೇಳುತ್ತಾರೆ. ಮಲಯಾಳದ ‘ಅಂಚು’ ಕನ್ನಡದ ‘ಐದು’ ಶಬ್ದದ ಸೋದರ. ಹೆದರಿಕೆಯ ಅರ್ಥದ ನಮ್ಮ ‘ಅಂಜು’ ಧಾತುವಿಗೂ ಇದಕ್ಕೂ ಸಂಬಂಧವಿಲ್ಲ. ‘ತೆಂಗು’ ಎರಡು ಭಾಷೆಗಳಿಗೂ ಸಮಾನ. ಇಂಗ್ಲಿಷರ ಬಾಯಲ್ಲಿ ಇದು ‘ಅಂಜೆಂಗೊ’ ಎಂದಾಯಿತು. ೧೬೮೪ರಲ್ಲಿ ಕಂಪನಿಗೆ ಇಲ್ಲಿ ನೆಲೆಸಲು ಆಟ್ಟಿಂಗಲ್ಲಿನ ರಾಣಿಯಿಂದ ಅನುಮತಿ ದೊರೆಯಿತು. ೧೬೯೦ರಲ್ಲಿ ಕೋಟೆ ಕಟ್ಟುವ ಒಪ್ಪಿಗೆ ಬಂದು, ೧೬೯೫ರ ವೇಳೆಗೆ ಚೌಕಾಕಾರದ ಕೋಟೆ ಎದ್ದು ನಿಂತಿತು. ಇಂಗ್ಲೆಂಡಿನಿಂದ ಬರುವ ಹಡಗುಗಳಿಗೆ ಮೊದಲ ಸಂಕೇತ ನೀಡುವ ಠಾಣೆಯಾಗಿಯೂ ಇದು ಬಳಕೆಯಾಯಿತು.

೩

ಈ ಕೋಟೆಯನ್ನು ಕುರಿತು ಬರೆದವರಲ್ಲಿ ಮೊದಲು ಗಮನಿಸಬೇಕಾದವನು ಸ್ಕಾಟ್ಲೆಂಡಿನ ಹಡಗುಗಾರ ಅಲೆಗ್ಸಾಂಡರ್ ಹ್ಯಾಮಿಲ್ಟನ್. ಮೂರು ದಶಕಗಳಿಗೂ ಹೆಚ್ಚು ಕಾಲ ಪೂರ್ವ ಸಮುದ್ರಗಳಲ್ಲಿ ವ್ಯಾಪಾರಕ್ಕಾಗಿ ಸಂಚರಿಸಿದ ಇವನ ವೃತ್ತಾಂತ ೧೭೨೭ರಲ್ಲಿ ಎಡಿನ್‌ಬರೋದಲ್ಲಿ ಅಚ್ಚಾಯಿತು. ಅಂಜುತೆಂಗನ್ನು ಕುರಿತ ಇವನ ಮಾತಿನಲ್ಲಿ ಸೊಬಗಿನ ವರ್ಣನೆಯಿಲ್ಲ, ದೂರು ಇದೆ. ಕೋಟೆ ಮರಳಿನ ಮೇಲೆ ನಿಂತಿದೆ, ಅಲ್ಲಿ ಕುಡಿಯುವ ನೀರಿಲ್ಲ, ನೀರನ್ನು ಉತ್ತರದ ಕೆಂಪು ಬಂಡೆಗಳ ಬಳಿಯಿಂದ ತರಿಸಿಕೊಳ್ಳಬೇಕು. ಹಡಗು ನಿಲ್ಲಿಸಲು ಆ ತಾಣವೇ ಅನುಕೂಲವಾಗಿರುವಾಗ ಕೋಟೆಯನ್ನು ಅಲ್ಲಿಯೇ ಏಕೆ ಕಟ್ಟಲಿಲ್ಲ ಎಂಬುದು ಅವನ ಪ್ರಶ್ನೆ.

ಆ ಕೆಂಪು ಬಂಡೆಗಳೆಂದರೆ ವರ್ಕಲದ ಕಡಿದಾದ ಕಡಲದಂಡೆ. ಅಂಜುತೆಂಗಿನಿಂದ ಸುಮಾರು ೧೨ ಕಿಲೋಮೀಟರ್ ದೂರದಲ್ಲಿರುವ ಈ ತಾಣದಲ್ಲಿ ಜಂಬಿಟ್ಟಿಗೆಯ ಪದರಗಳ ಕೆಳಗಿನಿಂದ ಸಿಹಿನೀರಿನ ಒರತೆಗಳು ಹೊರಡುತ್ತವೆ. ಕೆಳಗಿನ ಕಡಲತೀರ ‘ಪಾಪನಾಶಂ’ ಎಂಬ ತೀರ್ಥ. ಜನಾರ್ದನಸ್ವಾಮಿಯ ದೇವಾಲಯವೂ ಇಲ್ಲಿದೆ. ಪಿತೃಕಾರ್ಯಕ್ಕಾಗಿ ಬರುವ ಯಾತ್ರಿಕರಿಗೆ ಈ ನೀರು ತೀರ್ಥವಾಗಿದ್ದರೆ, ಹ್ಯಾಮಿಲ್ಟನ್ನನಿಗೆ ಹಡಗಿನ ಪೀಪಾಯಿ ತುಂಬುವ ಸರಕಾಗಿತ್ತು. ಎರಡು ದೃಷ್ಟಿಗಳೂ ಒಂದೇ ಒರತೆಯ ಅಸ್ತಿತ್ವವನ್ನು ದೃಢಪಡಿಸುತ್ತವೆ. ದೂರು ಹೇಳುವ ಪ್ರವಾಸಿಯ ಮಾತನ್ನು ಹೊಗಳುವವನ ಮಾತಿಗಿಂತ ಹೆಚ್ಚು ನಂಬಬಹುದು ಎಂಬ ನಮ್ಮ ಅಭಿಪ್ರಾಯಕ್ಕೆ ಇದು ಮೊದಲ ನಿದರ್ಶನ. ಹೊಗಳಿಕೆಗೆ ಮಾದರಿಗಳು ಮೊದಲೇ ಸಿದ್ಧವಾಗಿರುತ್ತವೆ. ಬಾಯಾರಿಕೆಗೆ ಅಂಥ ಮಾದರಿಯ ಅಗತ್ಯವಿಲ್ಲ.

ಆದರೆ ಹ್ಯಾಮಿಲ್ಟನ್ನನ ಪ್ರಶ್ನೆಗೆ ಉತ್ತರ ಅವನ ಪುಸ್ತಕದಲ್ಲಿ ಸಿಗುವುದಿಲ್ಲ, ಭೂಪಟದಲ್ಲಿ ಸಿಗುತ್ತದೆ. ಅಂಜುತೆಂಗು ಕಡಲಿಗೂ ಹಿನ್ನೀರಿಗೂ ನಡುವಣ ಕಿರಿದಾದ ಮರಳಪಟ್ಟಿಯ ಮೇಲಿದೆ. ಆಟ್ಟಿಂಗಲ್ಲಿನ ಕಡೆಯಿಂದ ಹರಿದುಬರುವ ವಾಮನಪುರಂ ನದಿ ಕೋಟೆಯ ಹಿಂಬದಿಯ ಈ ಹಿನ್ನೀರನ್ನು ಸೇರುತ್ತದೆ. ಒಳನಾಡಿನ ಸರಕು ದೋಣಿಯಲ್ಲಿ ಕೋಟೆಯ ಬೆನ್ನಿಗೆ ಬಂದು ಮುಟ್ಟಬಹುದಾಗಿತ್ತು. ಹಡಗು ಅದರ ಎದುರಿಗೆ ನಿಲ್ಲುತ್ತಿತ್ತು. ವರ್ಕಲದ ಎತ್ತರದ ಬಂಡೆಗಳ ಬಳಿ ಈ ಅನುಕೂಲವಿರಲಿಲ್ಲ. ಅಲ್ಲಿ ಬಂಡೆಯೇ ಹಿನ್ನೀರಿನ ಸಾಲನ್ನು ತಡೆಯುತ್ತಿತ್ತು. ಈ ತಡೆಯನ್ನು ಸುರಂಗಗಳ ಮೂಲಕ ದಾಟುವಂತಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ತಿರುವಾಂಕೂರು ಸರ್ಕಾರ ತಿರುವನಂತಪುರದಿಂದ ಉತ್ತರಕ್ಕೆ ಕಾಲುವೆಮಾರ್ಗವನ್ನು ಜೋಡಿಸಿದ ಮೇಲೆ. ಹೀಗೆ ನೋಡಿದಾಗ, ಕಂಪನಿಯವರು ನೀರಿಗಿಂತ ಮೆಣಸಿಗೆ ಹೆಚ್ಚು ಬೆಲೆ ಕೊಟ್ಟು ತಾಣವನ್ನು ಆರಿಸಿದರೆಂದು ಊಹಿಸಬಹುದು. ಹ್ಯಾಮಿಲ್ಟನ್ ಹಡಗಿನ ಮೇಲಿನಿಂದ ಕೋಟೆಯನ್ನು ನೋಡಿದನು. ಕೋಟೆಯ ಅರ್ಥ ತಿಳಿಯಬೇಕಾದರೆ ಕಡಲಿಗೆ ಬೆನ್ನು ಮಾಡಿ ನಿಂತು ಹಿನ್ನೀರಿನ ಕಡೆಗೆ ನೋಡಬೇಕಾಗುತ್ತದೆ.

ಇದೇ ಜಲಮಾರ್ಗ ೧೭೨೧ರಲ್ಲಿ ಇಂಗ್ಲಿಷರಿಗೆ ಮೃತ್ಯುವಿನ ಮಾರ್ಗವಾಯಿತು. ಮೆಣಸಿನ ಬೆಲೆಯಲ್ಲಿಯೂ ತೂಕದಲ್ಲಿಯೂ ನಡೆದ ಮೋಸದಿಂದ, ಕೋಟೆಯ ಜನರ ಉದ್ಧಟತನದಿಂದ ನಾಡಿನ ಜನ ಕೆರಳಿದ್ದರು. ರಾಣಿಗೆ ವರ್ಷಂಪ್ರತಿ ಸಲ್ಲಬೇಕಾದ ಕಾಣಿಕೆಯ ವಿಷಯದಲ್ಲಿ ಸ್ಥಳೀಯ ಅಧಿಕಾರಿಗಳಿಗೂ ಕೋಟೆಯ ಮುಖ್ಯಸ್ಥ ವಿಲಿಯಂ ಗಿಫರ್ಡನಿಗೂ ವಿವಾದವಿತ್ತು. ಆ ವರ್ಷದ ಏಪ್ರಿಲಿನಲ್ಲಿ ಕಾಣಿಕೆಯನ್ನು ತಾನೇ ಒಪ್ಪಿಸುವೆನೆಂದು ಗಿಫರ್ಡ್ ಸುಮಾರು ೧೪೦ ಜನರೊಡನೆ ಆಟ್ಟಿಂಗಲ್ಲಿಗೆ ಹೊರಟನು. ಆ ದಂಡು ಅಲ್ಲಿ ನಾಶವಾಯಿತು. ಅನಂತರ ಕೋಟೆಗೆ ಬಿದ್ದ ಮುತ್ತಿಗೆ ಆರು ತಿಂಗಳ ಕಾಲ ನಡೆದು, ತಲಚೇರಿಯಿಂದ ನೆರವು ಬಂದ ಮೇಲೆ ತೆರವಾಯಿತು. ಕಂಪನಿಯ ವಿರುದ್ಧ ಭಾರತದಲ್ಲಿ ನಡೆದ ಆರಂಭಕಾಲದ ಸಂಘಟಿತ ಪ್ರತಿರೋಧಗಳಲ್ಲಿ ಇದನ್ನು ಕೇರಳದ ಇತಿಹಾಸಕಾರರು ಎಣಿಸುತ್ತಾರೆ. ಪ್ಲಾಸಿ ಕದನಕ್ಕೆ ಇನ್ನೂ ೩೬ ವರ್ಷಗಳಿದ್ದವು. ಹ್ಯಾಮಿಲ್ಟನ್ ಈ ಘಟನೆಯನ್ನು ತನ್ನ ವೃತ್ತಾಂತದಲ್ಲಿ ಸೇರಿಸಿದ್ದಾನೆ. ಕಂಪನಿಯ ನೌಕರನಲ್ಲದೆ ಸ್ವತಂತ್ರ ವ್ಯಾಪಾರಿಯಾಗಿದ್ದುದರಿಂದ ಕಂಪನಿಯವರ ತಪ್ಪುಗಳನ್ನು ಎತ್ತಿ ಹೇಳಲು ಅವನಿಗೆ ಸಂಕೋಚವಿರಲಿಲ್ಲ. ಅದೇ ಕಾರಣದಿಂದ ಅವನಲ್ಲಿ ಕಂಪನಿಯ ಬಗೆಗಿನ ಪೈಪೋಟಿಯ ಕಹಿಯೂ ಇರುವ ಸಂಭವವಿದೆ. ಆಕರದ ಗುಣ ಮತ್ತು ದೋಷ ಎರಡೂ ಇಲ್ಲಿ ಒಂದೇ ಮೂಲದಿಂದ ಹುಟ್ಟಿವೆ.

೪

ಅರ್ಧ ಶತಮಾನದ ಅನಂತರ ಇದೇ ಕೋಟೆಗೆ ಬಂದ ಜೇಮ್ಸ್ ಫೋರ್ಬ್ಸ್ ಬೇರೊಂದು ಬಗೆಯ ಸಾಕ್ಷಿ. ೧೭೭೨ರಲ್ಲಿ ಅವನು ಕಂಪನಿಯ ಅಧಿಕಾರಿಯಾಗಿ ಅಂಜುತೆಂಗಿಗೆ ಬಂದನು. ಚಿತ್ರಕಾರನೂ ನಿಸರ್ಗಪ್ರೇಮಿಯೂ ಆಗಿದ್ದ ಅವನ ನೆನಪುಗಳು ೧೮೧೩ರಲ್ಲಿ ನಾಲ್ಕು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಹೊರಬಂದವು. ಗಿಡಮರ, ಹಕ್ಕಿ, ಹಣ್ಣು, ಜನರ ಉಡುಪು, ಆಚಾರ ಇವುಗಳ ಚಿತ್ರ ಮತ್ತು ವಿವರಣೆಗಳಿಂದ ಅವು ತುಂಬಿವೆ. ಗಿಲ್ಪಿನ್ನನ ಕಾಲದ ಅಭಿರುಚಿಯಲ್ಲಿ ಬೆಳೆದ ಕಣ್ಣಿಗೆ ಮಲಬಾರಿನ ಹಳ್ಳಿನಾಡು ಸಹಜವಾಗಿಯೇ ಚಿತ್ರಯೋಗ್ಯವಾಗಿ ಕಂಡಿತು. ಗಮನಿಸಬೇಕಾದ ಸಂಗತಿಯೆಂದರೆ, ಅನುಭವ ಮತ್ತು ಮುದ್ರಣದ ನಡುವೆ ೪೧ ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ಆಟ್ಟಿಂಗಲ್ ತಿರುವಾಂಕೂರಿನ ಅಂಗವಾಗಿದ್ದ ಸ್ಥಿತಿ ಗಟ್ಟಿಯಾಯಿತು, ೧೭೯೫ರಲ್ಲಿ ಕೊಚ್ಚಿ ಇಂಗ್ಲಿಷರ ವಶವಾಯಿತು, ೧೮೦೮-೦೯ರಲ್ಲಿ ವೇಲುತಂಬಿ ದಳವಾಯಿಯ ಬಂಡಾಯ ನಡೆದು ಅಡಗಿತು. ಯುವಕನಾಗಿ ಕಂಡ ನಾಡನ್ನು ವೃದ್ಧನಾಗಿ ಅಚ್ಚಿಗೆ ಕೊಡುವಾಗ ಫೋರ್ಬ್ಸ್ ಗೆದ್ದವರ ಪಕ್ಷದಲ್ಲಿ ನಿಂತಿದ್ದನು. ಆದುದರಿಂದ ಅವನ ಸಸ್ಯ ಮತ್ತು ಪಕ್ಷಿಗಳ ವಿವರಗಳನ್ನು ಒಂದು ತಕ್ಕಡಿಯಲ್ಲಿಯೂ, ಜನರ ಸ್ವಭಾವವನ್ನು ಕುರಿತ ಅಭಿಪ್ರಾಯಗಳನ್ನು ಇನ್ನೊಂದು ತಕ್ಕಡಿಯಲ್ಲಿಯೂ ಇಟ್ಟು ತೂಗಬೇಕಾಗುತ್ತದೆ.

ಮೂರನೆಯ ಬಗೆಯ ಬರಹ ವಿಚಿತ್ರವಾದದ್ದು. ಈ ಕೋಟೆಯಲ್ಲಿ ೧೭೪೪ರಲ್ಲಿ ಹುಟ್ಟಿದ ಎಲೈಜಾ ಡ್ರೇಪರ್ ಎಂಬಾಕೆ ೧೭೬೭ರಲ್ಲಿ ಲಂಡನ್ನಿನಲ್ಲಿ ಕಾದಂಬರಿಕಾರ ಲಾರೆನ್ಸ್ ಸ್ಟರ್ನನ ಸ್ನೇಹಿತೆಯಾಗಿ ಯುರೋಪಿನ ಸಾಹಿತ್ಯವಲಯದಲ್ಲಿ ಹೆಸರಾದಳು. ಆಕೆ ೧೭೭೮ರಲ್ಲಿ ತೀರಿಕೊಂಡ ಮೇಲೆ ಫ್ರಾನ್ಸಿನ ಅಬ್ಬೆ ರೇನಾಲನ ಹೆಸರಿನಲ್ಲಿದ್ದ, ಎರಡು ಇಂಡೀಸ್‌ಗಳ ವ್ಯಾಪಾರದ ಇತಿಹಾಸದಲ್ಲಿ ಅಂಜುತೆಂಗಿನ ಮೇಲೊಂದು ಭಾವಪೂರ್ಣ ಪ್ರಶಸ್ತಿ ಸೇರಿಕೊಂಡಿತು. ಆ ನೆಲ ತನ್ನಷ್ಟಕ್ಕೆ ಏನೂ ಅಲ್ಲ, ಎಲೈಜಾಳಿಗೆ ಜನ್ಮಕೊಟ್ಟದ್ದರಿಂದಲೇ ಅದು ಲೋಕದ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಅದರ ಆಶಯ. ರೇನಾಲ್ ಭಾರತಕ್ಕೆ ಎಂದೂ ಬಂದವನಲ್ಲ. ಆದರೂ ಯುರೋಪಿನ ಓದುಗರಿಗೆ ಈ ಊರಿನ ಪರಿಚಯವಾದದ್ದು ಬಹುಮಟ್ಟಿಗೆ ಇಂಥ ಬರಹದ ಮೂಲಕ. ೧೭೨೧ರ ಮುತ್ತಿಗೆ ನಡೆದ ತಾಣ, ಅರವತ್ತು ವರ್ಷಗಳೊಳಗೆ, ಆ ಮುತ್ತಿಗೆಯನ್ನೂ ರಾಣಿಯನ್ನೂ ಮೆಣಸನ್ನೂ ಕಳೆದುಕೊಂಡು ಕೇವಲ ಒಬ್ಬ ಇಂಗ್ಲಿಷ್ ಮಹಿಳೆಯ ತೊಟ್ಟಿಲಾಗಿ ಉಳಿಯಿತು. ಇದೇ ಕೋಟೆಯಲ್ಲಿ ೧೭೨೮ರಲ್ಲಿ ಹುಟ್ಟಿದ ರಾಬರ್ಟ್ ಆರ್ಮ್ ಮುಂದೆ ಹಿಂದೂಸ್ಥಾನದಲ್ಲಿ ಬ್ರಿಟಿಷರ ಯುದ್ಧವೃತ್ತಾಂತವನ್ನು ಬರೆದು ಕಂಪನಿಯ ಮೊದಲ ದೊಡ್ಡ ಇತಿಹಾಸಕಾರನೆನಿಸಿದನು. ಮುತ್ತಿಗೆಯಾದ ಏಳು ವರ್ಷಗಳಿಗೆ ಅದೇ ಗೋಡೆಗಳ ನಡುವೆ ಕಂಪನಿಯ ಚರಿತ್ರಕಾರ ಹುಟ್ಟಿದನೆಂಬುದು, ಚರಿತ್ರೆಯನ್ನು ಯಾರು ಬರೆದರು ಎಂದು ಕೇಳುವವರಿಗೆ ಮುಖ್ಯವಾಗಬೇಕಾದ ಸಂಗತಿ.

೫

ಈಗ ಕೊಚ್ಚಿಯನ್ನು ನೋಡೋಣ. ಇಲ್ಲಿ ಕೋಟೆ ಒಂದೇ ಆದರೂ ಒಡೆಯರು ಮೂವರು. ೧೫೦೩ರಲ್ಲಿ ಪೋರ್ಚುಗೀಸರು ಕಟ್ಟತೊಡಗಿದ ಕೋಟೆಯನ್ನು ೧೬೬೩ರ ಜನವರಿಯಲ್ಲಿ ಡಚ್ಚರು ಗೆದ್ದುಕೊಂಡು, ಅದರ ಸುತ್ತಳತೆಯನ್ನು ಕಿರಿದು ಮಾಡಿದರು. ೧೭೯೫ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡು ೧೮೦೬ರಲ್ಲಿ ಕೋಟೆಯನ್ನೂ ಒಳಗಿನ ಹಳೆಯ ಕಟ್ಟಡಗಳಲ್ಲಿ ಹಲವನ್ನೂ ಸಿಡಿಮದ್ದಿನಿಂದ ಉರುಳಿಸಿದರು. ಆದುದರಿಂದ ‘ಕೊಚ್ಚಿಯ ಕೋಟೆ’ ಎಂದು ಬರೆದ ಇಬ್ಬರು ಪ್ರವಾಸಿಗರು ಒಂದೇ ವಸ್ತುವನ್ನು ಕಂಡಿದ್ದರೆಂದು ಭಾವಿಸುವಂತಿಲ್ಲ. ೧೭೧೭ರಿಂದ ೧೭೨೩ರವರೆಗೆ ಡಚ್ಚರ ಪಾದ್ರಿಯಾಗಿ ಇಲ್ಲಿದ್ದ ಯಾಕೋಬುಸ್ ಕಾಂಟರ್ ವಿಸ್ಶರನ ಪತ್ರಗಳಲ್ಲಿ ಬರುವುದು ಡಚ್ಚರ ಪಟ್ಟಣ. ಹೀಬ್ರೂ ಮತ್ತು ಸಿರಿಯಾಕ್ ಹಸ್ತಪ್ರತಿಗಳನ್ನು ಹುಡುಕುತ್ತ ೧೮೦೬ರ ಸುಮಾರಿಗೆ ಬಂದ ಕ್ಲಾಡಿಯಸ್ ಬ್ಯೂಕನನ್ ಕಂಡದ್ದು ಇಂಗ್ಲಿಷರ ಕೈಗೆ ಬಂದು ಚಹರೆ ಬದಲಾಗುತ್ತಿದ್ದ ಪಟ್ಟಣ. ವರ್ಷವನ್ನು ನಮೂದಿಸದೆ ಪ್ರವಾಸಿಯನ್ನು ಉಲ್ಲೇಖಿಸುವ ರೂಢಿ ಎಷ್ಟು ಅಪಾಯಕರವೆಂಬುದು ಇದರಿಂದ ವಿದಿತವಾಗುತ್ತದೆ.

ಮಟ್ಟಾಂಚೇರಿಯ ಅರಮನೆಯ ವಿಷಯದಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ‘ಡಚ್ ಅರಮನೆ’ ಎಂದು ಪ್ರಸಿದ್ಧವಾದ ಈ ಕಟ್ಟಡವನ್ನು ೧೫೫೫ರ ಸುಮಾರಿಗೆ ಕಟ್ಟಿಸಿ ಕೊಚ್ಚಿಯ ಅರಸನಿಗೆ ಒಪ್ಪಿಸಿದವರು ಪೋರ್ಚುಗೀಸರು. ಡಚ್ಚರು ೧೬೬೩ರ ಅನಂತರ ದುರಸ್ತಿ ಮಾಡಿಸಿದರು. ಕಟ್ಟಡದ ವಿನ್ಯಾಸವಾದರೋ ನಡುವೆ ಅಂಗಳವುಳ್ಳ ಕೇರಳದ ನಾಲುಕೆಟ್ಟು ಮನೆಯದು. ಅಂಗಳದಲ್ಲಿ ಅರಸರ ಕುಲದೇವತೆಯಾದ ಪಳಯನ್ನೂರು ಭಗವತಿಯ ಗುಡಿ, ಅರಸನ ಶಯನಗೃಹದ ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳು. ಕಟ್ಟಿಸಿದವರು ಒಬ್ಬರು, ದುರಸ್ತಿ ಮಾಡಿದವರು ಇನ್ನೊಬ್ಬರು, ಬಾಳಿದವರು ಮತ್ತೊಬ್ಬರು. ಉಳಿದದ್ದು ದುರಸ್ತಿ ಮಾಡಿದವರ ಹೆಸರು! ಪ್ರವಾಸಿಗರ ಬಾಯಿಂದ ಬಾಯಿಗೆ ಹರಿದ ಹೆಸರು ದಾಖಲೆಯ ಸತ್ಯವನ್ನು ಹಿಂದಿಕ್ಕಿದ ನಿದರ್ಶನವಿದು.

ಕೊಚ್ಚಿಯ ಹಳ್ಳಿನಾಡನ್ನು ಕುರಿತ ಅತ್ಯಂತ ಮಹತ್ವದ ಬರಹ ಪ್ರವಾಸಕಥನವಲ್ಲ ಎಂಬುದೂ ಇಲ್ಲಿ ಸ್ಮರಣೀಯ. ಡಚ್ ಗವರ್ನರನಾಗಿದ್ದ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ತುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥ ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ೧೨ ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಜ್ಞಾನಭಂಡಾರವನ್ನು ಒದಗಿಸಿದವರಲ್ಲಿ ಪ್ರಮುಖರು ಈಳವ ವೈದ್ಯನಾದ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಬ್ರಾಹ್ಮಣ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪುಭಟ್ಟರು. ಇವರು ತಮ್ಮತಮ್ಮ ಭಾಷೆ ಮತ್ತು ಲಿಪಿಗಳಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲಿಯೇ ಅಚ್ಚಾಗಿವೆ. ಪರದೇಶದ ಗ್ರಂಥದಲ್ಲಿ ನಾಡಿನ ತಿಳಿವಳಿಕೆ ನಾಡವರ ಹೆಸರಿನೊಡನೆ ದಾಖಲಾದ ವಿರಳ ಸಂದರ್ಭ ಇದು. ಕೆ. ಎಸ್. ಮಣಿಲಾಲ್ ಅವರು ಲ್ಯಾಟಿನ್ನಿನಿಂದ ಮಾಡಿದ ಇಂಗ್ಲಿಷ್ ಅನುವಾದವನ್ನು ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ ೨೦೦೩ರಲ್ಲಿ ಪ್ರಕಟಿಸಿದ ಮೇಲೆ ಈ ಆಕರ ಎಲ್ಲರ ಬಳಕೆಗೆ ದೊರೆತಿದೆ. ಫೋರ್ಬ್ಸನ ಸಸ್ಯಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಕಂಡು ಬರೆಯುವುದಕ್ಕೂ ಕೇಳಿ ತಿಳಿದು ಬರೆಯುವುದಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ.

೬

ಹಳ್ಳಿನಾಡಿನ ಸೊಬಗನ್ನು ವರ್ಣಿಸಿದ ಪ್ರವಾಸಿಗರ ಬರಹಗಳಲ್ಲಿ ದಾರಿಯೂ ಜಲಮಾರ್ಗವೂ ಎಲ್ಲರಿಗೂ ತೆರೆದಿದ್ದವೆಂಬ ಭಾವನೆ ಮೂಡುತ್ತದೆ. ಫ್ರೆಂಚ್ ಲೇಖಕ ಪಿಯೆರ್ ಲೊತಿ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ತಿರುವಾಂಕೂರಿನ ಮಹಾರಾಜರ ಅತಿಥಿಯಾಗಿ ಬಂದು, ತಿರುವನಂತಪುರದಿಂದ ಕೊಚ್ಚಿಯ ಕಡೆಗೆ ಹಿನ್ನೀರಿನಲ್ಲಿ ಪಯಣಿಸಿದನು. ಭಾರತವನ್ನು ಕುರಿತ ಅವನ ಪುಸ್ತಕ ೧೯೦೩ರಲ್ಲಿ ಹೊರಬಂದಿತು. ತಿರುವನಂತಪುರದ ಕೋಟೆಯ ಒಳಗಿನ ಪದ್ಮನಾಭಸ್ವಾಮಿ ದೇವಾಲಯ ಅನ್ಯಧರ್ಮೀಯನಾದ ಅವನಿಗೆ ಮುಚ್ಚಿದ ಬಾಗಿಲು. ಆದರೆ ಆ ಬಾಗಿಲು ಪರದೇಶಿಗೆ ಮಾತ್ರ ಮುಚ್ಚಿರಲಿಲ್ಲ. ಆ ನಾಡಿನಲ್ಲಿಯೇ ಹುಟ್ಟಿ, ಆ ಗದ್ದೆಗಳನ್ನೇ ಉತ್ತವರಿಗೂ ೧೯೩೬ರ ನವೆಂಬರ್ ೧೨ರ ದೇವಾಲಯ ಪ್ರವೇಶ ಘೋಷಣೆಯವರೆಗೆ ಅದು ಮುಚ್ಚಿತ್ತು. ದೇವಾಲಯದ ಸುತ್ತಣ ಬೀದಿಗಳಲ್ಲಿ ನಡೆಯುವ ಹಕ್ಕಿಗಾಗಿಯೇ ವೈಕಂನಲ್ಲಿ ೧೯೨೪-೨೫ರಲ್ಲಿ ಸತ್ಯಾಗ್ರಹ ಮಾಡಬೇಕಾಯಿತು.

ಈ ಮುಖವನ್ನು ಬರೆದಿಟ್ಟವರು ದೃಶ್ಯಪ್ರಿಯರಾದ ಪ್ರವಾಸಿಗರಲ್ಲ. ತಿರುವಾಂಕೂರಿನಲ್ಲಿ ಬಹುಕಾಲ ನೆಲೆಸಿದ್ದ ಮಿಷನರಿ ಸ್ಯಾಮ್ಯುಯೆಲ್ ಮೇಟಿಯರ್ ೧೮೭೧ ಮತ್ತು ೧೮೮೩ರಲ್ಲಿ ಪ್ರಕಟಿಸಿದ ಎರಡು ಪುಸ್ತಕಗಳು ದಲಿತರ ಬದುಕಿಗೂ ದಾರಿಯ ನಿರ್ಬಂಧಗಳಿಗೂ ಗಣನೀಯ ಸ್ಥಾನ ಕೊಡುತ್ತವೆ. ಮತಪ್ರಚಾರದ ಉದ್ದೇಶ ಅವನಿಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಆದರೆ ಆ ಉದ್ದೇಶವೇ ಬೇರೆಯವರು ಕಾಣದುದನ್ನು ಅವನಿಗೆ ಕಾಣಿಸಿತು. ಮೈಸೂರಿನ ಅರಸರಾದ ಚಾಮರಾಜೇಂದ್ರ ಒಡೆಯರ ಆತಿಥ್ಯ ಪಡೆದು, ತ್ರಿಶ್ಶೂರು, ಕೊಡುಂಗಲ್ಲೂರು, ಕೊಚ್ಚಿಯ ಮಾರ್ಗವಾಗಿ ೧೮೯೨ರ ಡಿಸೆಂಬರಿನಲ್ಲಿ ತಿರುವನಂತಪುರ ಸೇರಿದ ಸ್ವಾಮಿ ವಿವೇಕಾನಂದರ ಸಾಕ್ಷ್ಯವೂ ಇದಕ್ಕೆ ಪೋಷಕ. ಈ ನಾಡಿನ ಜಾತಿಯ ಕಟ್ಟುಪಾಡುಗಳನ್ನು ನೆನೆದು ಅವರು ೧೮೯೭ರಲ್ಲಿ ಮದರಾಸಿನ ಉಪನ್ಯಾಸದಲ್ಲಿ ಮಲಬಾರನ್ನು ಹುಚ್ಚಾಸ್ಪತ್ರೆಗೆ ಹೋಲಿಸಿದರು. ಅದೇ ತೆಂಗು, ಅದೇ ಹಿನ್ನೀರು, ಅದೇ ಹಸುರು. ನೋಡಿದವನು ಯಾವ ಬಾಗಿಲ ಮುಂದೆ ನಿಂತಿದ್ದನೆಂಬುದರ ಮೇಲೆ ಚಿತ್ರ ಬದಲಾಯಿತು.

೭

ಇಲ್ಲಿ ತುಳುನಾಡಿನ ಒಂದು ಪ್ರಸಂಗವನ್ನು ಹೋಲಿಕೆಗೆ ತರಬಹುದು. ೧೬೨೩ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದ ದೆಲ್ಲಾ ವಾಲೆ ಅಲ್ಲಿಂದ ಕರಾವಳಿಗೆ ಇಳಿದು ಉಳ್ಳಾಲದ ರಾಣಿಯನ್ನು ಕಂಡನು. ನೀರಾವರಿಗೆಂದು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದ ಸಂದರ್ಭವನ್ನು ಅವನು ದಾಖಲಿಸಿದ್ದಾನೆ. ಅವನಿಗೆ ಮೆಣಸು ಕೊಳ್ಳುವುದಿರಲಿಲ್ಲ, ಕೋಟೆ ಕಾಯುವುದಿರಲಿಲ್ಲ. ಆ ಕಾರಣದಿಂದ ರಾಣಿಯೊಬ್ಬಳು ತನ್ನ ನಾಡಿನ ಕೆಲಸದಲ್ಲಿ ತೊಡಗಿರುವ ದೃಶ್ಯ ಅವನ ಕಣ್ಣಿಗೆ ಬಿತ್ತು. ಇದರೊಡನೆ ಆಟ್ಟಿಂಗಲ್ಲಿನ ರಾಣಿಯರ ಚಿತ್ರವನ್ನು ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕಂಪನಿಯ ಸುತ್ತಲಿನ ಬರಹಗಳಲ್ಲಿ ಅವರು ಅನುಮತಿ ಕೊಡುವವರಾಗಿ, ಕಾಣಿಕೆ ಪಡೆಯುವವರಾಗಿ, ಪರಿಹಾರ ತೆರಬೇಕಾದವರಾಗಿ ಮಾತ್ರ ಸುಳಿಯುತ್ತಾರೆ. ರಾಣಿಯರಿಬ್ಬರ ಆಡಳಿತದಲ್ಲಿ ಇದ್ದಿರಬಹುದಾದ ವ್ಯತ್ಯಾಸಕ್ಕಿಂತ ಹೆಚ್ಚಾಗಿ ಇದು ನೋಡಿದವರ ಪ್ರಯೋಜನದ ವ್ಯತ್ಯಾಸವೆಂದು ನಾವು ಭಾವಿಸುತ್ತೇವೆ.

ಕೊನೆಗೆ, ಬರೆಯದೆ ಹೋದ ಪ್ರವಾಸಿಗರ ವಿಷಯ. ಹಡಗಿನಿಂದ ಇಳಿದವರನ್ನು ಅಲೆಗಳ ನಡುವಿನಿಂದ ದಡಕ್ಕೆ ಮುಟ್ಟಿಸುವುದು ಕರಾವಳಿಯ ದೋಣಿಗಾರರ ಕೆಲಸ. ವರ್ಕಲದ ಒರತೆಯ ನೀರು ಕೋಟೆಗೆ ತಾನಾಗಿ ಬರುತ್ತಿರಲಿಲ್ಲ, ಅದನ್ನು ಹೊತ್ತು ತಂದ ಕೈಗಳಿದ್ದವು.

ನಮಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ನಂಬಿಗಳು, ಎಂದರೆ ಪ್ರಧಾನ ಅರ್ಚಕರು, ಪರಂಪರೆಯಿಂದ ತುಳು ಬ್ರಾಹ್ಮಣ ಮನೆತನಗಳಿಂದ ಬಂದವರು. ಈ ಮನೆತನಗಳನ್ನು ‘ಅಕ್ಕರೆ ದೇಶಿ’, ‘ಇಕ್ಕರೆ ದೇಶಿ’ ಎಂದು ವಿಂಗಡಿಸುತ್ತಾರೆ. ಆ ದಡ ಮತ್ತು ಈ ದಡ ಎಂದು ಈ ಪದಗಳ ಅರ್ಥ. ಗಡಿಯಾಗಿ ಹರಿಯುವುದು ಕಾಸರಗೋಡಿನ ಚಂದ್ರಗಿರಿ ನದಿ. ಹ್ಯಾಮಿಲ್ಟನ್, ವಿಸ್ಶರ್, ಫೋರ್ಬ್ಸ್ ಮುಂತಾದವರು ಕಡಲ ಕಡೆಯಿಂದ ನೋಡಿದ ನಾಡನ್ನು ಈ ಅರ್ಚಕರು ಉತ್ತರದಿಂದ ದಕ್ಷಿಣದವರೆಗೆ ಹಾದು ಹೋದರು. ಲೊತಿ ಹೊರಗೆ ನಿಂತು ನೋಡಿದ ಕೋಟೆಯ ನಡುವಣ ದೇವಾಲಯದಲ್ಲಿ ಗರ್ಭಗುಡಿಯವರೆಗೆ ಪ್ರವೇಶವಿದ್ದವರು ಇವರು. ಚಂದ್ರಗಿರಿಯಿಂದ ತಿರುವನಂತಪುರದವರೆಗಿನ ಮಾರ್ಗದಲ್ಲಿ ಎಷ್ಟು ಕೋಟೆಗಳು, ಎಷ್ಟು ಕಡವುಗಳು ಎಂಬುದನ್ನು ಬಲ್ಲವರಿದ್ದರೆ ಇವರಂಥವರು. ಆದರೆ ಪ್ರವಾಸಕಥನಗಳ ಯಾವ ಸಂಗ್ರಹದಲ್ಲಿಯೂ ಇವರಿಗೆ ಸ್ಥಾನ ದೊರೆತಿಲ್ಲ, ಏಕೆಂದರೆ ಪ್ರವಾಸಿ ಎಂದರೆ ಹಡಗಿನಿಂದ ಇಳಿದವನು ಎಂಬ ಕಲ್ಪನೆಯನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ.

೮

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಪ್ರವಾಸಿಯ ಹೊಗಳಿಕೆಗಿಂತ ಅವನ ಕಷ್ಟದ ಮಾತು ಹೆಚ್ಚು ವಿಶ್ವಾಸಾರ್ಹ. ಕೋಟೆಯ ವರ್ಣನೆಯನ್ನು ಅದರ ಆ ವರ್ಷದ ಒಡೆಯನೊಡನೆ ಜೋಡಿಸಿಯೇ ಓದಬೇಕು. ಅನುಭವಕ್ಕೂ ಮುದ್ರಣಕ್ಕೂ ನಡುವಣ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಣದೆ ಬರೆದವರ ಪ್ರಭಾವ ಕಂಡು ಬರೆದವರಿಗಿಂತ ದೊಡ್ಡದಾಗಿರಬಹುದೆಂಬ ಎಚ್ಚರವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೋಟೆಯನ್ನು ಅದರ ಹಿಂದಿನ ಹಳ್ಳಿನಾಡಿನಿಂದ ನೋಡುವ ಆಕರಗಳನ್ನು ಹುಡುಕಬೇಕು.

ಅಂಥ ಆಕರಗಳು ಇಲ್ಲದಿಲ್ಲ. ಪದ್ಮನಾಭಸ್ವಾಮಿ ದೇವಾಲಯದ ವ್ಯವಹಾರಗಳನ್ನು ದಾಖಲಿಸಿರುವ ‘ಮತಿಲಕಂ’ ತಾಳೆಗರಿಗಳು ತಿರುವನಂತಪುರದ ರಾಜ್ಯ ಪತ್ರಾಗಾರದಲ್ಲಿವೆ. ಕೊಚ್ಚಿಯ ಡಚ್ ದಾಖಲೆಗಳು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿವೆ. ಅಂಜುತೆಂಗಿನ ಕೋಟೆಯೂ ಮಟ್ಟಾಂಚೇರಿಯ ಅರಮನೆಯೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ. ಗೋಡೆಗಳು ಉಳಿದಿವೆ, ಓಲೆಗಳೂ ಉಳಿದಿವೆ. ಗೋಡೆಗಳನ್ನು ಕುರಿತು ಬರೆದವರಷ್ಟು ಜನ ಓಲೆಗಳನ್ನು ಓದಿಲ್ಲ. ತುಳು ಮನೆತನಗಳ ಸಂಚಾರದ ಸುಳಿವುಗಳನ್ನು ಈ ಓಲೆಗಳಲ್ಲಿ ಹುಡುಕಲು ಮಲಯಾಳದ ಹಳೆಯ ಲಿಪಿಗಳ ಜೊತೆಗೆ ಕನ್ನಡ ಮತ್ತು ತುಳುಗಳ ಪರಿಚಯವಿರುವ ಸಂಶೋಧಕರು ಬೇಕು. ಅಂಥವರು ಕಾಸರಗೋಡಿನಲ್ಲಿಯೂ ಹೊರನಾಡಿನ ಕನ್ನಡ ಅಧ್ಯಯನ ಕೇಂದ್ರಗಳಲ್ಲಿಯೂ ಇದ್ದಾರೆ. ಕರ್ನಾಟಕದ ಹೊರಗಿದ್ದು ಕನ್ನಡದಲ್ಲಿ ಸಂಶೋಧನೆ ನಡೆಸುವವರಿಗೆ ಎರಡು ಭಾಷೆಗಳ ನಡುವೆ ಬದುಕುವ ಅನಿವಾರ್ಯತೆಯೇ ಈ ಕೆಲಸಕ್ಕೆ ಬೇಕಾದ ಅರ್ಹತೆಯಾಗಿದೆ. ಅವರು ಇದನ್ನು ಕೈಗೆತ್ತಿಕೊಂಡರೆ, ಹಡಗಿನಿಂದ ಇಳಿದವರ ಮಾತಿನ ಪಕ್ಕದಲ್ಲಿ ಚಂದ್ರಗಿರಿಯನ್ನು ದಾಟಿ ಬಂದವರ ಸಾಕ್ಷ್ಯವನ್ನೂ ಇಟ್ಟು ಈ ಕರಾವಳಿಯ ಚರಿತ್ರೆಯನ್ನು ಬರೆಯಲು ಸಾಧ್ಯವಾಗುತ್ತದೆ.